ಎಟಿಪಿ ಹಾಕಿದರೂ ಸ್ನಾಯುವಿನ ಎಳೆ ಕುಗ್ಗುತ್ತಿಲ್ಲ, ಎಲ್ಲಿ ತಪ್ಪಾಗಿದೆ?

ಕುಮಟಾ_ಮಾಸ್ತರ:
ಮೂರು ದಿನದಿಂದ ಇದೇ ಕೆಲಸ. ಗ್ಲಿಸರಿನ್‌ನಲ್ಲಿ ನೆನೆಸಿಟ್ಟ ಆಡಿನ ಮಾಂಸದ ಎಳೆಯನ್ನು ಸ್ಲೈಡ್ ಮೇಲಿಟ್ಟು ಎಟಿಪಿ (ಜೀವಕೋಶಕ್ಕೆ ಶಕ್ತಿ ಕೊಡುವ ರಾಸಾಯನಿಕ) ಬಿಡುತ್ತೇನೆ. ಕೂದಲಷ್ಟೂ ಕುಗ್ಗುವುದಿಲ್ಲ. ಹೋದ ವರ್ಷ ಮೊದಲ ಸಲಕ್ಕೇ ಆಗಿತ್ತು, 20 ಮಿಲಿಮೀಟರ್ ಎಳೆ ಕಣ್ಣೆದುರೇ 13ಕ್ಕೆ ಇಳಿದಿತ್ತು. ಗುರುವಾರ ಪಿಯುಸಿ ಮಕ್ಕಳಿಗೆ ತೋರಿಸುತ್ತೇನೆ ಅಂತ ಮಾತು ಕೊಟ್ಟಿದ್ದೇನೆ. ಎಲ್ಲ ಸರಿಯಾಗಿಯೇ ಮಾಡಿದ್ದೇನೆ. ಯಾರಾದರೂ ಹೇಳಿ.

ಶಿರಸಿ_ಲೆನ್ಸ್:
ಎಟಿಪಿ ಕೆಟ್ಟಿದೆ. ನೀರಲ್ಲಿ ಕರಗಿಸಿದ ಎಟಿಪಿ ಸೆಕೆಯಲ್ಲಿ ಬಾಳುವುದಿಲ್ಲ. ನಿಮ್ಮಲ್ಲಿ ಕರೆಂಟ್ ಎಷ್ಟು ಸಲ ಹೋಗಿತ್ತು?

ಕುಮಟಾ_ಮಾಸ್ತರ:
ಹೋಗಿತ್ತು. ಆದರೆ ಇವತ್ತು ಬೆಳಗ್ಗೆ ಹೊಸ ಪುಡಿ ಕರಗಿಸಿದೆ. ಅದೂ ಅಷ್ಟೇ.

ಶಿರಸಿ_ಲೆನ್ಸ್:
ಹಾಗಾದರೆ ಪುಡಿಯೇ ಹಳೆಯದು. ನಾನು ಇದಕ್ಕೆ ಅಂತಲೇ ಸಣ್ಣ ಡೀಪ್ ಫ್ರೀಜರ್ ಇಟ್ಟಿದ್ದೇನೆ, ಇನ್ವರ್ಟರ್‌ಗೆ ಕೂಡಿಸಿ. ಮಳೆಗಾಲದಲ್ಲಿ ಇಲ್ಲಿ ದಿನಗಟ್ಟಲೆ ಕರೆಂಟ್ ಇಲ್ಲದಿದ್ದರೂ ಮೈನಸ್ 20 ಬಿಟ್ಟು ಮೇಲೇರಿಲ್ಲ. ಹೊಸ ಬಾಟಲಿ ತರಿಸಿ.

ಹೊನ್ನಾವರ_ಧಕ್ಕೆ:
ಮಾಂಸ ಯಾವಾಗ ತಂದಿರಿ ಮಾಸ್ತರ್ರೆ? ತಡವಾದರೆ ಸೆಟೆದು ಹೋಗುತ್ತದೆ. ಬಂಗಡೆ ಬುಟ್ಟಿಯಲ್ಲೇ ಕೋಲಿನ ಹಾಗೆ ನೆಟ್ಟಗಾಗುತ್ತದಲ್ಲ, ಅದೇ. ಮೀನಿನಲ್ಲೇ ಮಾಡಬಾರದಾ? ದೋಣಿಯಿಂದ ಇಳಿದ ತಾಜಾ ಮೀನು ಸಿಗುವ ಊರಲ್ಲಿ ಆಡು ಯಾಕೆ?

ಶಿರಸಿ_ಲೆನ್ಸ್:
ಮೀನಿನ ಎಳೆ ಗಿಡ್ಡ, ಪದರ ಪದರ. ಎರಡು ಸೆಂಟಿಮೀಟರ್ ಉದ್ದದ ಎಳೆ ಬಿಡಿಸಿ ತೋರಿಸಿ ನೋಡೋಣ.

ಹೊನ್ನಾವರ_ಧಕ್ಕೆ:
ಗಿಡ್ಡ ಆದರೇನು, ಮೈಕ್ರೋಸ್ಕೋಪ್ ಇರುವುದು ಯಾಕೆ? ನನ್ನ ಹಳೇ ಹಿತ್ತಾಳೆಯದರಲ್ಲಿ ಎಳೆಯ ಅಡ್ಡಪಟ್ಟಿ ಒಂದೊಂದೂ ಎಣಿಸಬಹುದು. ಫೋನ್ ಕೂರಿಸಲು ತೆಂಗಿನ ಕರಟದಲ್ಲಿ ಹಿಡಿಕೆ ಮಾಡಿದ್ದೇನೆ, ಫೋಟೋ ಹಾಕುತ್ತೇನೆ.

ಅಂಕೋಲಾ_ಅಕ್ಕೋರು:
ಫೋಟೋ ಆಮೇಲೆ ನೋಡೋಣ. ಮಾಸ್ತರ್ರೆ, ಒಂದೇ ಪ್ರಶ್ನೆ. ಎಟಿಪಿ ಬಿಟ್ಟ ಮೇಲೆ ಎಳೆ ಮೆತ್ತಗಾಯಿತಾ, ಇಲ್ಲಾ ಮೊದಲಿನ ಹಾಗೇ ಬಿರುಸಾಗಿತ್ತಾ?

ಕುಮಟಾ_ಮಾಸ್ತರ:
ಮೆತ್ತಗಾಯಿತು. ಮೊದಲು ಒಣ ದಾರದ ಹಾಗಿತ್ತು. ಆಮೇಲೆ ಸೂಜಿಯಿಂದ ಎಳೆದರೆ ಸಲೀಸಾಗಿ ಉದ್ದ ಬರುತ್ತಿತ್ತು. ಅದಕ್ಕೇ ಹಾಳಾಗಿದೆ ಅಂದುಕೊಂಡೆ.

ಅಂಕೋಲಾ_ಅಕ್ಕೋರು:
ಹಾಳಾಗಿಲ್ಲ. ನಿಮ್ಮ ಎಟಿಪಿ ಚೆನ್ನಾಗಿದೆ. ಎಟಿಪಿ ಇಲ್ಲದಾಗ ಸ್ನಾಯುವಿನ ಮಯೋಸಿನ್ ಪ್ರೋಟೀನಿನ ತಲೆಗಳು ಪಕ್ಕದ ಆಕ್ಟಿನ್ ಪ್ರೋಟೀನನ್ನು ಕಚ್ಚಿಕೊಂಡೇ ಇರುತ್ತವೆ, ಬಂಗಡೆ ಸೆಟೆಯುವುದು ಅದಕ್ಕೇ. ಎಟಿಪಿ ಬಂದಾಗ ಬಿಡುತ್ತವೆ. ನಿಮ್ಮಲ್ಲಿ ಬಿಟ್ಟಿವೆ, ಮತ್ತೆ ಹಿಡಿಯುತ್ತಿಲ್ಲ. ಹಿಡಿಯಬೇಕಾದರೆ ಕ್ಯಾಲ್ಸಿಯಂ ಬೇಕು. ಅದು ಆಕ್ಟಿನ್ ಮೇಲಿನ ಟ್ರೋಪೋನಿನ್‌ಗೆ ಕೂತಾಗಲೇ ಹಿಡಿಯುವ ಜಾಗ ಮುಚ್ಚಿಕೊಂಡ ಟ್ರೋಪೋಮಯೋಸಿನ್ ಪಕ್ಕಕ್ಕೆ ಸರಿದು ಜಾಗ ಬಿಡುತ್ತದೆ. ಜೀವಂತ ಸ್ನಾಯುವಿನ ಒಳಗೆ ಕ್ಯಾಲ್ಸಿಯಂ ಚೀಲಗಳಿರುತ್ತವೆ. ಗ್ಲಿಸರಿನ್ ಆ ಪೊರೆಗಳನ್ನೆಲ್ಲ ಕೆಡಿಸಿಬಿಡುತ್ತದೆ. ಹಾಗಾಗಿ ಹೊರಗಿನಿಂದಲೇ ಬರಬೇಕು. ಹೋದ ವರ್ಷಕ್ಕೂ ಈ ವರ್ಷಕ್ಕೂ ಏನು ಬದಲಾಯಿಸಿದಿರಿ?

ಕುಮಟಾ_ಮಾಸ್ತರ:
ಏನೂ ಇಲ್ಲ. ನೀರು ಮಾತ್ರ. ಹೋದ ವರ್ಷ ಬಾವಿ ನೀರು, ಈ ಸಲ ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ನೀರು. ಮತ್ತೆ ಗ್ಲಿಸರಿನ್‌ಗೆ ಸ್ವಲ್ಪ ಇಜಿಟಿಎ ಅನ್ನುವ ರಾಸಾಯನಿಕ ಹಾಕಿದೆ, ಎಳೆ ಜಾಸ್ತಿ ದಿನ ಬರುತ್ತದೆ ಅಂತ ಓದಿದ್ದೆ.

ಅಂಕೋಲಾ_ಅಕ್ಕೋರು:
ಇದನ್ನು ಮೊದಲೇ ಹೇಳಬೇಕಿತ್ತು, ಅಲ್ವಾ! ಇಜಿಟಿಎ ಕ್ಯಾಲ್ಸಿಯಂ ಅನ್ನೇ ಹುಡುಕಿ ಹಿಡಿಯುತ್ತದೆ, ಮೆಗ್ನೀಸಿಯಂ ಅನ್ನು ಹೆಚ್ಚುಕಮ್ಮಿ ಮುಟ್ಟುವುದಿಲ್ಲ. ನೆನೆಸಿಡುವಾಗ ಅದು ಒಳ್ಳೆಯದೇ, ತೊಳೆಯದಿದ್ದರೆ ಕಷ್ಟ. ಎಳೆಗೆ ಬೇಕಾದ ಕ್ಯಾಲ್ಸಿಯಂ ಬಹಳ ಕಡಿಮೆ. ಸುಮ್ಮನಿರುವ ಸ್ನಾಯುವಿನಲ್ಲಿ ಸುಮಾರು 0.1 ಮೈಕ್ರೋಮೋಲಾರ್ (ದ್ರಾವಣದಲ್ಲಿ ಎಷ್ಟು ಕರಗಿದೆ ಅನ್ನುವ ಅಳತೆ), ಕುಗ್ಗುವಾಗ 1ರಿಂದ 10. ಬಾವಿ ನೀರಲ್ಲಿ ಲೀಟರಿಗೆ ಬರೀ 4 ಮಿಲಿಗ್ರಾಂ ಇದ್ದರೂ ಅದು 100 ಮೈಕ್ರೋಮೋಲಾರ್. ಹೋದ ವರ್ಷ ನಿಮ್ಮ ಬಾವಿಯೇ ಪ್ರಯೋಗ ಮಾಡಿಕೊಟ್ಟಿದೆ.

ಲಂಡನ್ನಿನ ವೈದ್ಯ ಸಿಡ್ನಿ ರಿಂಗರ್‌ಗೂ ಹೀಗೇ ಆಗಿತ್ತು. ಕಪ್ಪೆಯ ಹೃದಯ ಉಪ್ಪುನೀರಲ್ಲಿ ಚೆನ್ನಾಗಿ ಬಡಿಯುತ್ತಿತ್ತು. ಆ ನೀರು ಡಿಸ್ಟಿಲ್ಡ್ ಅಲ್ಲ, ನಲ್ಲಿಯದು ಅಂತ ಆಮೇಲೆ ಗೊತ್ತಾಯಿತು. ಡಿಸ್ಟಿಲ್ಡ್ ನೀರಲ್ಲಿ ಮಾಡಿದಾಗ ಬಡಿತ ಸೋತಿತು. ನಲ್ಲಿ ನೀರಿನ ಕ್ಯಾಲ್ಸಿಯಂ ಕಾರಣ ಅಂತ 1883ರಲ್ಲಿ ಅವನೇ ಬರೆದ.

ಯಲ್ಲಾಪುರ_ಕೊಟ್ಟಿಗೆ:
ನಮ್ಮ ಹಸು ಕರು ಹಾಕಿದ ಮಾರನೇ ದಿನ ಏಳಲೇ ಇಲ್ಲ. ಕುತ್ತಿಗೆ ಹೊರಳಿಸಿ ಮಲಗಿತ್ತು, ಕಿವಿ ತಣ್ಣಗೆ. ಡಾಕ್ಟರು ನಿಧಾನಕ್ಕೆ ಕ್ಯಾಲ್ಸಿಯಂ ಬಾಟಲಿ ಏರಿಸಿದರು, ಎದ್ದು ನಿಂತಿತು. ಇದೂ ಅದೇನಾ?

ಅಂಕೋಲಾ_ಅಕ್ಕೋರು:
ಹತ್ತಿರ, ಆದರೆ ಅದೇ ಅಲ್ಲ. ಅಲ್ಲಿ ಕಡಿಮೆಯಾಗುವುದು ರಕ್ತದ ಕ್ಯಾಲ್ಸಿಯಂ. ನರದ ತುದಿ ಸ್ನಾಯುವಿಗೆ ಸಂದೇಶ ದಾಟಿಸಲು ಅದು ಬೇಕು. ಎಳೆಯ ಒಳಗಿನ ಚೀಲ ಬೇರೆ ಲೆಕ್ಕ. ಹಸುವಿನ ವಿಷಯಕ್ಕೆ ಬೇರೆ ಚರ್ಚೆ ತೆರೆಯಿರಿ, ಅಲ್ಲಿ ವಿವರವಾಗಿ ಬರೆಯುತ್ತೇನೆ.

ಕುಮಟಾ_ಮಾಸ್ತರ:
ಆಯಿತು! ಇಜಿಟಿಎ ಇಲ್ಲದ ಪೊಟ್ಯಾಸಿಯಂ ಕ್ಲೋರೈಡ್ ನೀರಲ್ಲಿ ಮೂರು ಸಲ ತೊಳೆದೆ. ಎರಡು ಎಳೆ ಪಕ್ಕಪಕ್ಕ ಇಟ್ಟೆ, ಎರಡೂ 18 ಮಿಲಿಮೀಟರ್. ಎರಡಕ್ಕೂ ಎಟಿಪಿ, ಒಂದಕ್ಕೆ ಮಾತ್ರ ಕ್ಯಾಲ್ಸಿಯಂ ಕ್ಲೋರೈಡ್ ಒಂದು ಹನಿ. ಹನಿ ಬಿದ್ದ ಎಳೆ ತುದಿಯಲ್ಲಿ ಸುರುಟಿ, ದಪ್ಪಗಾಗುತ್ತಾ 12ಕ್ಕೆ ಬಂತು. ಇನ್ನೊಂದು ಮೆತ್ತಗೆ ಹಾಗೇ ಮಲಗಿತ್ತು. ಆಮೇಲೆ ಅದಕ್ಕೂ ಒಂದು ಹನಿ ಬಿಟ್ಟೆ. ಅದೂ ಎದ್ದಿತು. ಮಕ್ಕಳಿಗೆ ಇದನ್ನೇ ತೋರಿಸುತ್ತೇನೆ, ಹೋದ ವರ್ಷದ್ದಕ್ಕಿಂತ ಇದು ಒಳ್ಳೆಯ ಪ್ರಯೋಗ. ಅಕ್ಕೋರೆ, ತುಂಬಾ ಉಪಕಾರವಾಯಿತು.

ಶಿರಸಿ_ಲೆನ್ಸ್:
ಸಂತೋಷ. ಆದರೂ ಎಟಿಪಿ ಒಂದು ಹೊಸ ಬಾಟಲಿ ತರಿಸಿಡಿ.

ಹೊನ್ನಾವರ_ಧಕ್ಕೆ:
ಬಂಗಡೆ ಎಳೆ ಇವತ್ತು ಗ್ಲಿಸರಿನ್‌ಗೆ ಹಾಕಿದ್ದೇನೆ, ಇಜಿಟಿಎ ಇಲ್ಲದೆ. ಭಾನುವಾರ ನೋಡೋಣ.