ಬಾಥಿ ನಂಬಿ ಟೆಂಟ್ ಬಿಟ್ಟು ಹೋಗಬಹುದಾ?

ಪ್ರಶ್ನೆ: ಸೆಪ್ಟೆಂಬರ್‌ನಲ್ಲಿ ನಾನು, ನನ್ನ ತಮ್ಮ ಸ್ಕಾಟ್‌ಲ್ಯಾಂಡ್‌ನ ಕೇರ್ನ್‌ಗಾರ್ಮ್ ಬೆಟ್ಟಗಳಿಗೆ ಹೋಗುತ್ತಿದ್ದೇವೆ. ಅಲ್ಲಿ ಬಾಥಿ ಅನ್ನುವ ಪುಕ್ಕಟೆ ಮನೆಗಳಿವೆಯಂತೆ. ಟೆಂಟ್ ಹೊರುವುದು ತಪ್ಪುತ್ತದಾ? ಅಲ್ಲಿ ಮಲಗಿ ಬಂದವರು ಹೇಳಿ.

ಉತ್ತರ 1: ದಯವಿಟ್ಟು ಟೆಂಟ್ ಬಿಡಬೇಡಿ. ಬಾಥಿಗೆ ಬುಕಿಂಗ್ ಇಲ್ಲ, ಬೀಗವೂ ಇಲ್ಲ. ಮೊದಲು ಬಂದವರಿಗೆ ಜಾಗ. ಕರೌರ್ ಬಾಥಿ ಅಂತ ಇದೆ, 1877ರಲ್ಲಿ ಜಿಂಕೆ ಕಾಯುವವನಿಗೆ ಕಟ್ಟಿದ್ದು, ಇರುವುದೇ ಒಂದು ಕೋಣೆ. ಲಿನ್ ಆಫ್ ಡೀ ಅನ್ನುವ ಜಾಗದಿಂದ ನಾಲ್ಕು ಗಂಟೆ ನಡೆದು, ನೆನೆದು ತೊಪ್ಪೆಯಾಗಿ ಬಾಗಿಲು ತೆಗೆದೆ. ನೆಲದ ತುಂಬಾ ಸ್ಲೀಪಿಂಗ್ ಬ್ಯಾಗ್! ಶನಿವಾರ ಬೇರೆ. ಒಳಗಿದ್ದವರು ಸರಿದು ಸರಿದು ನನಗೊಂದು ಮೂಲೆ ಕೊಟ್ಟರು. ಆಮೇಲೆ ಬಂದ ಇಬ್ಬರಿಗೆ ಕಾಲಿಡಲೂ ಜಾಗವಿರಲಿಲ್ಲ. ಅವರ ಹತ್ತಿರ ಟೆಂಟ್ ಇತ್ತು, ಬಚಾವಾದರು. ಅಲ್ಲಿ ಬೆಟ್ಟದಲ್ಲಿ ಟೆಂಟ್ ಹಾಕಲು 2003ರ ಕಾನೂನಿನಲ್ಲೇ ಅವಕಾಶ ಇದೆ.

ಉತ್ತರ 2: ಒಳಗೆ ಕರೆಂಟ್, ನಲ್ಲಿ, ಹಾಸಿಗೆ ಯಾವುದೂ ಇರುವುದಿಲ್ಲ. ನೀರು ಹಳ್ಳದಿಂದ ತಂದು ಕುದಿಸಿಕೊಳ್ಳಬೇಕು. ಹೆಚ್ಚಿನ ಕಡೆ ಟಾಯ್ಲೆಟ್ ಕೂಡ ಇಲ್ಲ, ಒಂದು ಸಲಿಕೆ ಇಟ್ಟಿರುತ್ತಾರೆ. ಮನೆಯಿಂದ, ಹಳ್ಳದಿಂದ ದೂರ ಹೋಗಿ ಗುಂಡಿ ತೋಡಿ. ಒಲೆ ಇದ್ದರೂ ಸೌದೆ ಇರುತ್ತದೆ ಅಂದುಕೊಳ್ಳಬೇಡಿ. ಸುತ್ತ ಬೋಳು ಗುಡ್ಡ, ಹಸಿ ಮರ ಕಡಿಯುವಂತಿಲ್ಲ. ಇದ್ದಿಲು, ಸೌದೆ ಬೆನ್ನ ಮೇಲೆ ಹೊತ್ತೇ ಹೋಗಬೇಕು. ನಾನು ಹೋದ ಸಂಜೆ ಬೆರಳು ಮರಗಟ್ಟಿ ಜಿಪ್ ಎಳೆಯಲೂ ಆಗುತ್ತಿರಲಿಲ್ಲ. ಒಲೆ ಪಕ್ಕ ಯಾರೋ ಪುಣ್ಯಾತ್ಮರು ಸಣ್ಣ ಸೀಳು ಸೌದೆ, ಒಂದು ಬೆಂಕಿಪೊಟ್ಟಣ, ಎರಡನ್ನೂ ಪ್ಲಾಸ್ಟಿಕ್ ಕವರ್‌ನಲ್ಲಿ ಸುತ್ತಿ ಇಟ್ಟು ಹೋಗಿದ್ದರು. ಅದನ್ನು ನೋಡಿ ನಿಜವಾಗಿಯೂ ಕಣ್ಣು ತುಂಬಿತು. ಬೆಳಿಗ್ಗೆ ನನ್ನಲ್ಲಿ ಉಳಿದಿದ್ದ ಸೌದೆಯನ್ನೂ ಹಾಗೇ ಸೀಳಿ, ಅದೇ ಕವರ್‌ನಲ್ಲಿ ಸುತ್ತಿಟ್ಟು ಬಂದೆ.

ಉತ್ತರ 3: ಸೆಪ್ಟೆಂಬರ್ ಅಂದಿರಿ ಅಲ್ವಾ, ಅದು ಗಂಡು ಜಿಂಕೆ ಬೇಟೆಯ ಕಾಲ. 2023ರವರೆಗೆ ಕಾನೂನಿನ ಪ್ರಕಾರ ಜುಲೈ 1ರಿಂದ ಅಕ್ಟೋಬರ್ 20ರವರೆಗೆ ಇತ್ತು, ಈಗ ಆ ಮಿತಿ ಇಲ್ಲ. ಬಾಥಿಗಳು ಎಸ್ಟೇಟ್‌ನವರ, ಅಂದರೆ ಅಲ್ಲಿನ ಜಮೀನು ಮಾಲೀಕರ ಸ್ವತ್ತು. ಆ ಸಮಯದಲ್ಲಿ ಕೆಲವು ಮುಚ್ಚಿರುತ್ತವೆ. ಮೌಂಟನ್ ಬಾಥೀಸ್ ಅಸೋಸಿಯೇಷನ್ ವೆಬ್‌ಸೈಟ್‌ನಲ್ಲಿ ಒಂದೊಂದು ಬಾಥಿಯ ವಿವರವೂ ಇದೆ, ನೋಡಿಕೊಂಡೇ ಹೊರಡಿ. 1965ರಿಂದ ಈ ಸಂಘದ ಸ್ವಯಂಸೇವಕರೇ ಸೂರು, ಗೋಡೆ ರಿಪೇರಿ ಮಾಡಿಕೊಂಡು ಸುಮಾರು ನೂರು ಬಾಥಿ ಉಳಿಸಿದ್ದಾರೆ. ನೀವು ಇಬ್ಬರೇ, ತೊಂದರೆ ಇಲ್ಲ. ಆರು ಜನ ಅಥವಾ ಅದಕ್ಕಿಂತ ದೊಡ್ಡ ಗುಂಪು ಹೋಗಬಾರದು. ಕಸವೆಲ್ಲ ವಾಪಸ್ ತನ್ನಿ. ಹೊರಡುವಾಗ ಬಾಗಿಲು ಸರಿಯಾಗಿ ಹಾಕಿದೆಯಾ ಅಂತ ಒಮ್ಮೆ ತಳ್ಳಿ ನೋಡಿ. ಕುರಿಯೋ ಜಿಂಕೆಯೋ ಒಳಗೆ ಹೊಕ್ಕು ಸಿಕ್ಕಿಕೊಂಡರೆ ಅಲ್ಲೇ ಸತ್ತುಹೋಗುತ್ತದೆ.