ಅಪ್‌ಡೇಟ್: ರಾಜ್ಯೋತ್ಸವ ಗ್ರೂಪಿನ ಗೊಂದಲ ಕೊನೆಗೂ ಬಗೆಹರೀತು

ಎರಡು ವಾರದ ಹಿಂದೆ ಕೇಳಿದ್ನಲ್ಲ, ನಮ್ ಅಪಾರ್ಟ್‌ಮೆಂಟಲ್ಲಿ ನವೆಂಬರ್ 1ರ ಪ್ರೋಗ್ರಾಮಿಗೆ 14 ಜನರ ವಾಟ್ಸಾಪ್ ಗ್ರೂಪು, ಯಾರು ಏನ್ ಮಾಡ್ತಿದಾರೆ ಗೊತ್ತಾಗ್ತಿಲ್ಲ, ಶಾಮಿಯಾನಕ್ಕೆ ಇಬ್ರು ಬೇರೆಬೇರೆ ಕಡೆ ಅಡ್ವಾನ್ಸ್ ಕೊಟ್ಬಿಟ್ಟಿದಾರೆ, ಕೆಲಸ ಹಂಚೋದು ಹೇಗೆ ಅಂತ. ಪ್ರೋಗ್ರಾಮ್ ಚೆನ್ನಾಗೇ ಆಯ್ತು. (ಒಂದು ಅಡ್ವಾನ್ಸ್ ಮಾತ್ರ ಗೋವಿಂದ.)

ನೀವೆಲ್ಲ ಕೊಟ್ಟ ಐಡಿಯಾಗಳಲ್ಲಿ ಗೂಗಲ್ ಶೀಟ್ ನಮ್ಮಲ್ಲಿ ನಡೀಲಿಲ್ಲ, ಮೂರು ಜನ ಬಿಟ್ರೆ ಯಾರೂ ಓಪನ್ನೇ ಮಾಡ್ಲಿಲ್ಲ. ಪೋಲ್ ಊಟದ ಮೆನುಗೆ ಓಕೆ, ಬಿಸಿಬೇಳೆ ಬಾತ್ ಗೆಲ್ತು, ಆದ್ರೆ ಕೆಲಸ ಹಂಚೋಕೆ ಹಾಕಿದ್ರೆ ಎಲ್ರೂ "ಯಾವ್ದಾದ್ರೂ ಸರಿ" ಒತ್ತಿ ಸುಮ್ನಾದ್ರು.

ವರ್ಕ್ ಆಗಿದ್ದು ಅಂದ್ರೆ ಒಂದು ಕೆಲಸಕ್ಕೆ ಒಂದೇ ಹೆಸರು, ಪಕ್ಕದಲ್ಲಿ ಡೇಟು, ಅಷ್ಟನ್ನ ಒಂದೇ ಮೆಸೇಜಲ್ಲಿ ಬರೆದು ಪಿನ್ ಮಾಡಿ ಅಂದಿದ್ರಲ್ಲ ಒಬ್ರು, ಅವ್ರಿಗೆ ದೊಡ್ಡ ಥ್ಯಾಂಕ್ಸ್. ಪಿನ್ ಮಾಡುವಾಗ 30 ದಿನ ಸೆಲೆಕ್ಟ್ ಮಾಡಿ, ನಾನು 7 ದಿನ ಅಂತ ಬಿಟ್ಟು ಮಧ್ಯದಲ್ಲೇ ಮಾಯ ಆಗಿತ್ತು. 15 ನಿಮಿಷ ಆದ್ಮೇಲೆ ಎಡಿಟ್ಟೂ ಆಗಲ್ಲ, ಬದಲಾವಣೆ ಇದ್ರೆ ಹೊಸದಾಗಿ ಹಾಕ್ಬೇಕು.

ಆಶ್ಚರ್ಯ ಏನಂದ್ರೆ, ರಿಪ್ಲೈನೇ ಮಾಡಲ್ಲ ಅಂತ ನಾನು ಬೈಕೊಳ್ತಿದ್ದ ಮೂರನೇ ಫ್ಲೋರ್ ಅಂಕಲ್ಲು ಆ ಗ್ರೂಪನ್ನ ಮ್ಯೂಟ್ ಮಾಡಿಟ್ಟಿದ್ರಂತೆ, ಒಂದ್ ಫೋನ್ ಮಾಡಿದ್ದಕ್ಕೆ ಮೈಕ್ ಸೆಟ್ಟು, ಬಾವುಟ ಎಲ್ಲಾ ಅವ್ರೇ ನೋಡ್ಕೊಂಡ್ರು, ರಾತ್ರಿ 10ಕ್ಕೆ ಸ್ಪೀಕರ್ ಆಫ್ ಮಾಡ್ಬೇಕು ಕಣಪ್ಪಾ ಅಂತ ನೆನಪಿಸಿದ್ದೂ ಅವ್ರೇ.