ಶೌಟ್, ಯೆಲ್, ಸ್ಕ್ರೀಮ್: ಎಲ್ಲಕ್ಕೂ ‘ಕೂಗು’ ಸಾಕೇ?

ಇಂಗ್ಲಿಷ್ ಕತೆಯೊಂದನ್ನು ಕನ್ನಡಕ್ಕೆ ತರುತ್ತಿದ್ದೇನೆ. ಹೆಂಡತಿ ಗಂಡನ ಮೇಲೆ ರೇಗುವ ಕಡೆ ಮೂಲದಲ್ಲಿ ‘ಶೌಟೆಡ್ ಅಟ್ ಹಿಮ್’ ಎಂದಿದೆ. ‘ಅವನನ್ನು ಕೂಗಿದಳು’ ಎಂದು ಬರೆದು ಮುಂದೆ ಹೋದೆ. ಮರುದಿನ ಓದಿದರೆ, ಅವಳು ಊಟಕ್ಕೆ ಕರೆದಂತಿತ್ತು! ‘ಶೌಟೆಡ್ ಟು’ ಆಗಿದ್ದರೆ ಅದೇ ಸರಿ. ದೂರದಲ್ಲಿರುವವನಿಗೆ ಕೇಳಲೆಂದು ದನಿಯೆತ್ತುವುದು. ‘ಅಟ್’ ಬಂದೊಡನೆ ಸಿಟ್ಟು ಸೇರುತ್ತದೆ. ಇಂಗ್ಲಿಷಿನಲ್ಲಿ ಆ ಪುಟ್ಟ ಪದ ಮಾಡುವ ಕೆಲಸವನ್ನು ನಮ್ಮಲ್ಲಿ ‘ಆಡು’ ಮಾಡುತ್ತದೆ: ‘ಅವನ ಮೇಲೆ ಕೂಗಾಡಿದಳು’. ಕಿರುಚಾಡು, ಅರಚಾಡು, ಎಗರಾಡು ಎಲ್ಲವೂ ಇದೇ ಜಾಡಿನವು.

ಸ್ಕ್ರೀಮ್‌ಗೆ ಮಾತೇ ಬೇಕಿಲ್ಲ. ಹೆದರಿಕೆಗೋ ನೋವಿಗೋ ಏರಿದ ಕೀಚು ದನಿ; ‘ಕಿರುಚು’ ಒಪ್ಪುತ್ತದೆ. ಶ್ರೀಕ್ ಅದಕ್ಕಿಂತ ಗಿಡ್ಡ, ಅದಕ್ಕಿಂತ ಚೂಪು: ‘ಕಿಟಾರನೆ ಕಿರುಚು’. ಎಡ್ವರ್ಡ್ ಮುಂಕ್ 1893ರಲ್ಲಿ ಬರೆದ ಪ್ರಸಿದ್ಧ ಚಿತ್ರದ ನಾರ್ವೇಜಿಯನ್ ಹೆಸರು ‘ಸ್ಕ್ರೀಕ್’. ಶ್ರೀಕ್‌ನ ನಂಟ ಪದವೇ. ಆದರೂ ಇಂಗ್ಲಿಷಿನವರು ಅದನ್ನು ‘ದ ಸ್ಕ್ರೀಮ್’ ಎಂದೇ ಕರೆದರು. ಅದಕ್ಕೆ ‘ಕೂಗು’ ಎಂದರೆ ನನಗೆ ಸಪ್ಪೆ ಎನಿಸುತ್ತದೆ, ‘ಚೀತ್ಕಾರ’ ವಾಸಿ.

ಬೆಲೋ ಮೂಲತಃ ಗೂಳಿಯ ದನಿ. ನಮ್ಮ ‘ಗುಟುರು’ ಅದಕ್ಕೆ ತಕ್ಕ ಜೋಡಿ, ಆದರೆ ‘ಮೇಷ್ಟರು ಗುಟುರು ಹಾಕಿದರು’ ಎಂದರೆ ಓದುಗರು ನಗುತ್ತಾರೆ. ಇಂಗ್ಲಿಷಿನಲ್ಲಿ ಮನುಷ್ಯರಿಗೂ ಅದು ಸಹಜ. ಅಲ್ಲಿ ‘ಅಬ್ಬರಿಸಿದರು’ ಎಂದು ಪಾರಾಗಿದ್ದೇನೆ. ‘ಒದರು’ ಬಳಸೋಣವೆಂದರೆ ಧಾರವಾಡದ ಕಡೆ ಅದು ಬರೀ ಕೂಗು. ಮೈಸೂರಿನವರಿಗೆ ಬಾಯಿಗೆ ಬಂದದ್ದನ್ನು ಹೇಳಿದಂತೆ.

ನಾನು ಸಿಕ್ಕಿಕೊಂಡಿರುವುದು ಯೆಲ್‌ನಲ್ಲಿ. ಇದು ಶೌಟ್‌ಗಿಂತ ಹಿಡಿತ ತಪ್ಪಿದ ದನಿ, ಸಿಟ್ಟಿಗೂ ಸಲ್ಲುತ್ತದೆ, ಹುರುಪಿಗೂ ಸಲ್ಲುತ್ತದೆ. ಕನ್ನಡದಲ್ಲಿ ಇದು ಎರಡಾಗಿ ಸೀಳಿಹೋಗುತ್ತದೆ. ಸಿಟ್ಟಾದರೆ ‘ಅರಚು’, ಸಂತೋಷವಾದರೆ ‘ಕೇಕೆ ಹಾಕು’. ಅದರಲ್ಲೂ ‘ಅರಚು’ ಎಂದಾಗ ಅರಚುವವನ ಸಿಟ್ಟಿಗಿಂತ ಕೇಳುವವರ ಬೇಸರವೇ ಮುಂದಾಗುತ್ತದೆ.

ಕತೆಯ ಕೊನೆಯಲ್ಲಿ, ಅಪ್ಪ ಅಮ್ಮನ ಜಗಳ ಕೇಳಿದ ಹುಡುಗ ಮನೆಯಿಂದ ಹೊರಬಿದ್ದು ಇಳಿಜಾರಿನಲ್ಲಿ ಯೆಲ್ ಮಾಡುತ್ತಾ ಓಡುತ್ತಾನೆ. ಸಂಕಟವೋ, ಬಿಡುಗಡೆಯೋ ಎಂಬುದನ್ನು ಕತೆಗಾರ ಬೇಕೆಂದೇ ಹೇಳಿಲ್ಲ. ‘ಕೇಕೆ’ ಎಂದರೆ ಹುಡುಗ ಖುಷಿಯಾಗಿಬಿಡುತ್ತಾನೆ. ‘ಅರಚುತ್ತಾ’ ಎಂದರೆ ತುಂಟನಾಗುತ್ತಾನೆ. ‘ಕೂಗುತ್ತಾ’ ಎಂದರೆ, ಯಾರನ್ನು ಎಂಬ ಪ್ರಶ್ನೆ. ಸದ್ಯ ‘ಬೊಬ್ಬಿಡುತ್ತಾ’ ಎಂದು ಬರೆದು ಪಕ್ಕದಲ್ಲಿ ಗೀಟು ಹಾಕಿಟ್ಟಿದ್ದೇನೆ. ಎರಡನ್ನೂ ಹೊತ್ತುಕೊಳ್ಳುವ ಪದ ನಿಮ್ಮ ಊರಿನ ಕಡೆ ಇದ್ದರೆ ತಿಳಿಸುತ್ತೀರಾ?